ಪಿನ್ ಕೂತರೆ ಸಾಲದು: ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗಾಗಿ ವಿದ್ಯುತ್ ವಾಹನ ಚಾರ್ಜಿಂಗ್ ಮಾರ್ಗದರ್ಶಿ

ಚಾರ್ಜರಿನ ಪಿನ್ ವಾಹನದ ಸಾಕೆಟ್ಟಿನಲ್ಲಿ ಸಲೀಸಾಗಿ ಕೂತಿತೆಂದರೆ ಅದು ಆ ವಾಹನಕ್ಕೆ ಹೊಂದುವ ಚಾರ್ಜರೇ ಸರಿ ಎಂದು ನಂಬುವವರು ನಮ್ಮ ಭಾಗದಲ್ಲಿ ಬಹಳ ಜನರಿದ್ದಾರೆ. ಪಿನ್ ಕೂರುವುದು ಹೊಂದಾಣಿಕೆಯ ಮೊದಲ ಷರತ್ತು ಮಾತ್ರ. ಬ್ಯಾಟರಿ ಬೇಡುವ ವೋಲ್ಟೇಜು, ಗೋಡೆಯೊಳಗಿನ ವೈರು ತಾಳಿಕೊಳ್ಳುವ ಕರೆಂಟು, ಮನೆಯ ಅರ್ಥಿಂಗ್ ಈ ಮೂರೂ ಕೂಡಿ ಬಂದಾಗ ಮಾತ್ರ ಚಾರ್ಜಿಂಗ್ ಸುರಕ್ಷಿತವಾಗುತ್ತದೆ. ಇವುಗಳಲ್ಲಿ ಯಾವ ಒಂದು ತಪ್ಪಿದರೂ ವಾಹನ ಕೆಲವು ದಿನ, ಕೆಲವೊಮ್ಮೆ ಕೆಲವು ತಿಂಗಳು ಚೆನ್ನಾಗಿಯೇ ಚಾರ್ಜ್ ಆಗುತ್ತಿರುತ್ತದೆ. ಅಪಾಯ ಕಣ್ಣಿಗೆ ಬೀಳದಿರುವುದಕ್ಕೆ ಇದೇ ಕಾರಣ.

ಸ್ಕೂಟರ್, ಇ-ಆಟೋ ಮತ್ತು ಕಾರು ಇಟ್ಟುಕೊಂಡಿರುವ ಅಥವಾ ಕೊಳ್ಳಲಿರುವ ಮನೆಯವರಿಗಾಗಿ ಈ ಬರಹವಿದೆ. ಕಂಪನಿಗಳ ಕೈಪಿಡಿಗಳು ಇಡೀ ದೇಶಕ್ಕೆಂದು ಬರೆದವು. ಏಪ್ರಿಲ್, ಮೇ ತಿಂಗಳಲ್ಲಿ 43, 44 ಡಿಗ್ರಿ ಮುಟ್ಟುವ ಬಿಸಿಲು, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ಮಣ್ಣು, ಮುಂಗಾರಿಗೆ ಮೊದಲಿನ ಸಿಡಿಲು ಇವುಗಳ ಲೆಕ್ಕ ಅವುಗಳಲ್ಲಿ ಸಿಗುವುದು ಕಡಿಮೆ. ಆದ್ದರಿಂದ ಸಾಮಾನ್ಯ ಸೂಚನೆಗಳ ಜೊತೆಗೆ ಇಲ್ಲಿನ ನೆಲಕ್ಕೆ, ಹವೆಗೆ ತಕ್ಕ ಸೂಚನೆಗಳನ್ನೂ ಸೇರಿಸಿದ್ದೇನೆ.

ಹಂತ 1: ಮೂರು ಚೀಟಿಗಳನ್ನು ಓದಿ

ಕೆಲಸ ಅಂಗಡಿಯಿಂದಲ್ಲ, ವಾಹನದಿಂದ ಆರಂಭವಾಗಬೇಕು. ಬ್ಯಾಟರಿಯ ಮೇಲೆ, ಚಾರ್ಜರಿನ ಮೇಲೆ ಮತ್ತು ಮನೆಯ ವಿದ್ಯುತ್ ಬಿಲ್ಲಿನ ಮೇಲೆ ನಿಮಗೆ ಬೇಕಾದ ಅಂಕಿಗಳೆಲ್ಲ ಅಚ್ಚಾಗಿರುತ್ತವೆ. ಬ್ಯಾಟರಿಯ ಚೀಟಿಯಲ್ಲಿ ಅದರ ಬಗೆ (ಲೆಡ್ ಆಸಿಡ್, ಇಲ್ಲವೇ ಲಿಥಿಯಂನ ಎರಡು ಬಗೆಗಳಾದ ಎಲ್‌ಎಫ್‌ಪಿ ಅಥವಾ ಎನ್‌ಎಂಸಿ) ಮತ್ತು ವೋಲ್ಟೇಜನ್ನು ನೋಡಿ. ಚಾರ್ಜರಿನ ಚೀಟಿಯಲ್ಲಿ ಇನ್‌ಪುಟ್ ಎಷ್ಟು ಆಂಪಿಯರ್, ಔಟ್‌ಪುಟ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬುದನ್ನು ನೋಡಿ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದನ್ನು ನೋಡಿ. ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅಂಗಡಿಯವರ ಬಳಿ, ವೈರ್‌ಮನ್ ಬಳಿ ಮಾತನಾಡುವುದು ಸುಲಭವಾಗುತ್ತದೆ. ಚೀಟಿಯೇ ಇಲ್ಲದ ಚಾರ್ಜರನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳಬೇಡಿ.

ಹಂತ 2: ಸ್ಕೂಟರ್ ಮತ್ತು ಇ-ಆಟೋ ಚಾರ್ಜರಿನ ವೋಲ್ಟೇಜ್ ಹೊಂದಿಸಿ

ಕಾರಿಗಿಂತ ಸ್ಕೂಟರಿನಲ್ಲೇ ಹೊಂದಾಣಿಕೆಯ ತಪ್ಪು ಹೆಚ್ಚು ಅಪಾಯಕಾರಿ. ಕಾರಿಗೂ ಅದರ ಚಾರ್ಜಿಂಗ್ ಪೆಟ್ಟಿಗೆಗೂ ನಡುವೆ ಸಂಕೇತಗಳ ಮಾತುಕತೆ ನಡೆಯುತ್ತದೆ. ಅಗ್ಗದ ಸ್ಕೂಟರುಗಳಲ್ಲಿ ಮತ್ತು ಅನೇಕ ಇ-ರಿಕ್ಷಾಗಳಲ್ಲಿ ಅಂಥ ಮಾತುಕತೆ ಇರುವುದಿಲ್ಲ, ಚಾರ್ಜರ್ ತನಗೆ ಗೊತ್ತಿರುವ ವೋಲ್ಟೇಜನ್ನು ಕೊಡುತ್ತ ಹೋಗುತ್ತದೆ.

ಬ್ಯಾಟರಿಯ ಮೇಲೆ 48 ವೋಲ್ಟ್ ಎಂದು ಬರೆದಿದೆ, ಚಾರ್ಜರಿನ ಮೇಲೂ 48 ವೋಲ್ಟ್ ಎಂದು ಬರೆದಿದೆ, ಎರಡೂ ಹೊಂದುತ್ತವೆ ಎಂದುಕೊಳ್ಳುವುದು ಸಹಜ. ಆದರೆ 48 ಎಂಬುದು ಹೆಸರಿಗೆ ಮಾತ್ರ ಇರುವ ಅಂಕಿ. ಎನ್‌ಎಂಸಿ ಬಗೆಯ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಮುಟ್ಟುತ್ತದೆ. 48 ವೋಲ್ಟಿನ ಪ್ಯಾಕಿನಲ್ಲಿ ಸಾಮಾನ್ಯವಾಗಿ ಇಂಥ 13 ಸೆಲ್‌ಗಳು ಸಾಲಾಗಿರುವುದರಿಂದ ಅದರ ಚಾರ್ಜರ್ 54.6 ವೋಲ್ಟಿಗೆ ನಿಲ್ಲಬೇಕು. ಎಲ್‌ಎಫ್‌ಪಿ ಸೆಲ್ 3.65 ವೋಲ್ಟಿಗೆ ತುಂಬುತ್ತದೆ. 16 ಸೆಲ್ಲಿನ ಪ್ಯಾಕಿಗೆ 58.4 ವೋಲ್ಟ್ ಬೇಕು. ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳ ಸಾಲಿಗೆ ಸುಮಾರು 58 ವೋಲ್ಟ್ ಬೇಕು. ಈ ಮೂರನ್ನೂ ಅಂಗಡಿಯಲ್ಲಿ 48 ವೋಲ್ಟ್ ಎಂದೇ ಮಾರುತ್ತಾರೆ. 58.4 ವೋಲ್ಟಿನ ಚಾರ್ಜರನ್ನು 13 ಸೆಲ್ಲಿನ ಎನ್‌ಎಂಸಿ ಪ್ಯಾಕಿಗೆ ಹಚ್ಚಿದರೆ ಪ್ರತಿ ಸೆಲ್ಲಿನ ಮೇಲೆ ಸುಮಾರು 4.5 ವೋಲ್ಟ್ ಬೀಳುತ್ತದೆ. ಆಗ ಪ್ಯಾಕಿನೊಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಚಾರ್ಜಿಂಗನ್ನು ಕಡಿದು ಹಾಕಬೇಕು, ಹೆಚ್ಚಿನ ಸಲ ಕಡಿದೂ ಹಾಕುತ್ತದೆ. ಆದರೆ ಅದು ಕೊನೆಯ ಕಾವಲು. ಅದನ್ನು ದಿನವೂ ದುಡಿಸಿಕೊಳ್ಳುವುದೆಂದರೆ, ಅದು ಕೈಕೊಡುವ ದಿನ ತಡೆಯಲು ಬೇರೇನೂ ಉಳಿದಿರುವುದಿಲ್ಲ.

ಆದ್ದರಿಂದ ಚಾರ್ಜರಿನ ಹೆಸರಿನ ವೋಲ್ಟೇಜನ್ನು ನೋಡಬೇಡಿ, ಔಟ್‌ಪುಟ್ ಎಂಬ ಸಾಲಿನಲ್ಲಿರುವ ದಶಮಾಂಶದ ಅಂಕಿಯನ್ನು ನೋಡಿ. 60 ವೋಲ್ಟಿನ ಎನ್‌ಎಂಸಿ ಪ್ಯಾಕಿಗೆ 17 ಸೆಲ್ ಇದ್ದರೆ 71.4, 72 ವೋಲ್ಟಿನದಕ್ಕೆ 20 ಸೆಲ್ ಇದ್ದರೆ 84 ವೋಲ್ಟ್ ಬರುತ್ತದೆ. ಸೆಲ್‌ಗಳ ಸಂಖ್ಯೆ ಚೀಟಿಯ ಮೇಲೆ ಇಲ್ಲದಿದ್ದರೆ ವಾಹನ ಕೊಟ್ಟ ಡೀಲರನ್ನೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಔಟ್‌ಪುಟ್ ಆಂಪಿಯರ್ ವಿಷಯದಲ್ಲಿ ನಿಯಮ ಸರಳ: ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಚಾರ್ಜಿಂಗ್ ನಿಧಾನವಾಗುತ್ತದೆ, ಹೆಚ್ಚಿದ್ದರೆ ಬ್ಯಾಟರಿ ಬಿಸಿಯಾಗುತ್ತದೆ. ಬೇಗ ತುಂಬಲೆಂದು 5 ಆಂಪಿಯರ್ ಚಾರ್ಜರಿನ ಜಾಗಕ್ಕೆ 10 ಆಂಪಿಯರಿನದನ್ನು ತರುವುದು, ಅದರಲ್ಲೂ ನಮ್ಮ ಬೇಸಿಗೆಯಲ್ಲಿ, ತೀರ ಅವಿವೇಕದ ಕೆಲಸ.

ಲೆಡ್ ಆಸಿಡ್ ತೆಗೆದು ಲಿಥಿಯಂ ಪ್ಯಾಕ್ ಹಾಕಿಸಿಕೊಳ್ಳುವ ಇ-ರಿಕ್ಷಾ ಮಾಲೀಕರು ಹಳೆಯ ಚಾರ್ಜರನ್ನೇ ಮುಂದುವರಿಸುವ ಆಸೆ ಬಿಡಬೇಕು. ಲೆಡ್ ಆಸಿಡ್ ಚಾರ್ಜರುಗಳಲ್ಲಿ ಕೆಲವು, ಬ್ಯಾಟರಿ ತುಂಬಿದ ಮೇಲೂ ಸಣ್ಣ ಕರೆಂಟನ್ನು ಹರಿಸುತ್ತಲೇ ಇರುತ್ತವೆ, ಕೆಲವು ಫಲಕಗಳ ಮೇಲಿನ ಗಂಧಕದ ಪದರವನ್ನು ಕರಗಿಸಲು ನಡುನಡುವೆ ಹೆಚ್ಚಿನ ವೋಲ್ಟೇಜನ್ನು ಕೊಡುತ್ತವೆ. ಲೆಡ್ ಆಸಿಡ್‌ಗೆ ಇವು ಒಳ್ಳೆಯವು, ಲಿಥಿಯಂ ಸೆಲ್ಲಿಗೆ ಎರಡೂ ಹಾನಿಕರ. ಲೆಡ್ ಆಸಿಡ್‌ನಲ್ಲೇ ಇರುವವರು ಬೇರೊಂದು ಎಚ್ಚರ ವಹಿಸಬೇಕು: ಚಾರ್ಜಿಂಗ್ ಕೊನೆಯ ಹಂತದಲ್ಲಿ ಅವು ಹೈಡ್ರೋಜನ್ ಅನಿಲ ಬಿಡುತ್ತವೆ, ಆದ್ದರಿಂದ ಷಟರ್ ಎಳೆದ ಅಂಗಡಿಯೊಳಗೆ ರಾತ್ರಿಯಿಡೀ ಚಾರ್ಜ್‌ಗೆ ಇಡಬಾರದು, ಅಲ್ಲಿ ಬೀಡಿ, ಸಿಗರೇಟು, ಊದುಬತ್ತಿ ಹಚ್ಚಬಾರದು.

ಇನ್ನೊಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಕೆಲವು ಅಗ್ಗದ ಸ್ಕೂಟರುಗಳ ಚಾರ್ಜಿಂಗ್ ಕಿಂಡಿ, ಕಂಪ್ಯೂಟರಿನ ಹಿಂಬದಿಯಲ್ಲಿ ಪವರ್ ವೈರ್ ಚುಚ್ಚುವ ಮೂರು ಪಿನ್ನಿನ ಕಿಂಡಿಯ ಹಾಗೆಯೇ ಇರುತ್ತದೆ. ಅಂಥ ಸ್ಕೂಟರಿಗೆ ಮನೆಯಲ್ಲಿ ಬಿದ್ದಿರುವ ಕಂಪ್ಯೂಟರ್ ವೈರನ್ನು ಯಾರಾದರೂ ನೇರವಾಗಿ ಚುಚ್ಚಿದರೆ 54 ವೋಲ್ಟಿನ ಡಿಸಿ ಹೋಗಬೇಕಾದ ಜಾಗಕ್ಕೆ 230 ವೋಲ್ಟಿನ ಎಸಿ ಹೋಗುತ್ತದೆ. ಒಂದೇ ರೂಪದ ಕಿಂಡಿಯಲ್ಲಿ ಪ್ಲಸ್, ಮೈನಸ್ ಸ್ಥಾನಗಳು ಕಂಪನಿಯಿಂದ ಕಂಪನಿಗೆ ಅದಲುಬದಲಾಗಿರುವುದೂ ಉಂಟು. ಇಂಥ ವಾಹನವಿರುವ ಮನೆಯಲ್ಲಿ ಚಾರ್ಜರಿಗೂ ಕಿಂಡಿಗೂ ಒಂದೇ ಬಣ್ಣದ ಟೇಪ್ ಸುತ್ತಿ, ಆ ಬಣ್ಣವಿಲ್ಲದ ಯಾವ ವೈರನ್ನೂ ಚುಚ್ಚಬಾರದೆಂದು ಮಕ್ಕಳಿಗೂ ಹಿರಿಯರಿಗೂ ತಿಳಿಸಿ ಹೇಳಿ.

ಹಗುರ ವಾಹನಗಳಿಗೆ ಎಸಿ, ಡಿಸಿ ಎರಡೂ ಒಂದೇ ಕಿಂಡಿಯಲ್ಲಿ ಹೋಗುವ ಭಾರತದ್ದೇ ಕನೆಕ್ಟರನ್ನು ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 17017ರ ಎರಡನೇ ಭಾಗದ ಏಳನೇ ವಿಭಾಗವಾಗಿ ಒಪ್ಪಿಕೊಂಡಿದೆ. ಏಥರ್, ವಿಡಾ ಸ್ಕೂಟರುಗಳು ಈ ಕನೆಕ್ಟರನ್ನು ಬಳಸುತ್ತವೆ. ಎಲ್ಲ ಕಂಪನಿಗಳೂ ಇದಕ್ಕೆ ಬಂದಿಲ್ಲ, ಹಾಗಾಗಿ ಒಂದು ಕಂಪನಿಯ ವೇಗದ ಚಾರ್ಜಿಂಗ್ ಕಂಬ ಇನ್ನೊಂದರ ಸ್ಕೂಟರಿಗೆ ಹೊಂದದಿದ್ದರೆ ನಡುವೆ ಅಡಾಪ್ಟರ್ ಹುಡುಕಬೇಡಿ. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಹೀಗೆ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವವರು ಬ್ಯಾಟರಿ ಅದಕ್ಕಿಂತ ಹಿಂದಿನದೋ ಮುಂದಿನದೋ ಎಂದು ವಿಚಾರಿಸುವುದು ಒಳ್ಳೆಯದು.

ಹಂತ 3: ಕಾರಿಗೆ ಯಾವ ಪೆಟ್ಟಿಗೆ ಬೇಕು ಎಂದು ತೀರ್ಮಾನಿಸಿ

ಮನೆಯ ಗೋಡೆಗೆ ಹಾಕುವ ಎಸಿ ಪೆಟ್ಟಿಗೆಯಲ್ಲಿ ಬ್ಯಾಟರಿ ತುಂಬುವ ಯಂತ್ರವಿಲ್ಲ. ಅದು ಕಾರಿನೊಳಗೇ ಇದೆ. ಗೋಡೆಯ ಪೆಟ್ಟಿಗೆ ಕರೆಂಟನ್ನು ಎಚ್ಚರದಿಂದ ಕಾರಿನ ತನಕ ತಲುಪಿಸುತ್ತದೆ, ಅಷ್ಟೇ. ಇದು ಮನದಟ್ಟಾದರೆ ಅರ್ಧದಷ್ಟು ಗೊಂದಲ ಕರಗುತ್ತದೆ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾಗಿದ್ದರೆ ಗೋಡೆಗೆ 7.4 ಕಿಲೋವ್ಯಾಟಿನ ಪೆಟ್ಟಿಗೆ ಹಾಕಿಸಿದರೂ ಕಾರು 3.3ರಷ್ಟನ್ನೇ ಎಳೆದುಕೊಳ್ಳುತ್ತದೆ. ದೊಡ್ಡ ಪೆಟ್ಟಿಗೆ ಸಣ್ಣ ಕಾರನ್ನು ಸುಡುತ್ತದೆಂಬ ಹೆದರಿಕೆಗೂ ಆಧಾರವಿಲ್ಲ.

ಕಾರಿಗೆ ಎಸಿ ಕರೆಂಟು ಕೊಡುವ ಕೇಬಲ್ಲಿನ ತುದಿಯನ್ನು ಟೈಪ್-2 ಗನ್ ಎನ್ನುತ್ತಾರೆ. ಅದರಲ್ಲಿ ಏಳು ಪಿನ್ನುಗಳಿವೆ: ಮೂರು ಫೇಸಿಗೆ, ಒಂದು ನ್ಯೂಟ್ರಲ್‌ಗೆ, ಒಂದು ಅರ್ಥಿಗೆ, ಉಳಿದ ಎರಡು ಸಣ್ಣ ಪಿನ್ನುಗಳು ಸಂಕೇತಕ್ಕೆ. ಪೆಟ್ಟಿಗೆಯು ಒಂದು ಸಣ್ಣ ಪಿನ್ನಿನ ಮೂಲಕ ಸೆಕೆಂಡಿಗೆ 1000 ಬಾರಿ ಏರಿಳಿಯುವ ಸಂಕೇತ ಕಳಿಸುತ್ತದೆ. ಆ ಸಂಕೇತ ಎಷ್ಟು ಹೊತ್ತು ಮೇಲಿದೆ ಎಂಬುದನ್ನು ನೋಡಿ ಕಾರು ತನಗೆ ಸಿಗುವ ಮಿತಿಯನ್ನು ತಿಳಿದುಕೊಳ್ಳುತ್ತದೆ. ಶೇಕಡಾ 10 ಎಂದರೆ 6 ಆಂಪಿಯರ್, ಶೇಕಡಾ 53ರ ಆಸುಪಾಸು ಎಂದರೆ 32 ಆಂಪಿಯರ್. ಕಾರು ಒಪ್ಪಿಗೆ ಸೂಚಿಸುವ ತನಕ ದಪ್ಪ ಪಿನ್ನುಗಳಿಗೆ ಕರೆಂಟೇ ಬರುವುದಿಲ್ಲ. ಈ ಮಾತುಕತೆಯನ್ನು ತಪ್ಪಿಸಿ ನೇರವಾಗಿ ಕರೆಂಟ್ ಕೊಡುವ ಯಾವ ಜುಗಾಡು ವೈರನ್ನೂ ಮನೆಗೆ ತರಬೇಡಿ.

ಕೊಳ್ಳುವ ಮೊದಲು ಕಾರಿನ ಕಿಂಡಿ ಎಂಥದ್ದೆಂದು ನೋಡಿ. ಈಗ ಮಾರಾಟವಾಗುವ ಬಹುತೇಕ ಕಾರುಗಳಲ್ಲಿ ಮೇಲೆ ಟೈಪ್-2, ಅದರ ಕೆಳಗೆ ಡಿಸಿಗಾಗಿ ಎರಡು ದಪ್ಪ ತೂತುಗಳು, ಎರಡೂ ಸೇರಿ ಸಿಸಿಎಸ್-2 ಎನಿಸಿಕೊಳ್ಳುವ ಕಿಂಡಿ ಇರುತ್ತದೆ. ಕೆಲವು ಸಣ್ಣ ಕಾರುಗಳಲ್ಲಿ ಟೈಪ್-2 ಮಾತ್ರ ಇದ್ದು, ಅವಕ್ಕೆ ಹೆದ್ದಾರಿಯ ಡಿಸಿ ಕಂಬ ಉಪಯೋಗಕ್ಕೆ ಬರುವುದಿಲ್ಲ. ಟ್ಯಾಕ್ಸಿ ಸೇವೆಗೆಂದು ಬಂದ ಕೆಲವು ಹಳೆಯ ಕಾರುಗಳು ಭಾರತ್ ಡಿಸಿ-001 ಎಂಬ ಬೇರೆಯೇ ಗನ್ ಕೇಳುತ್ತವೆ. ಅಂಥ ಕಾರು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು, ನಮ್ಮ ಮೂರು ಜಿಲ್ಲೆಗಳಲ್ಲಿ ಅದನ್ನು ಮನೆಯ ಎಸಿ ಚಾರ್ಜಿಂಗ್ ಒಂದರಿಂದಲೇ ನಡೆಸಬಲ್ಲೆವೇ ಎಂದು ಮೊದಲೇ ಯೋಚಿಸಬೇಕು.

ನನ್ನ ಅಭಿಪ್ರಾಯ ಹೀಗಿದೆ: ದಿನಕ್ಕೆ 60, 70 ಕಿಲೋಮೀಟರ್ ಓಡಿಸುವವರಿಗೆ ಕಾರಿನ ಜೊತೆ ಬರುವ 3.3 ಕಿಲೋವ್ಯಾಟಿನ ಕೇಬಲ್ ಮತ್ತು ಒಳ್ಳೆಯ 16 ಆಂಪಿಯರ್ ಸಾಕೆಟ್ ಧಾರಾಳವಾಗಿ ಸಾಕು. ಪೆಟ್ಟಿಗೆಗೆ ಹಾಕುವ ಹಣವನ್ನು ವೈರಿಗೆ, ಅರ್ಥಿಂಗ್‌ಗೆ ಹಾಕಿ.

ಹಂತ 4: ಮೀಟರಿನಿಂದ ಸಾಕೆಟ್ಟಿನ ತನಕ ಹೊಸ ವೈರು ಎಳೆಸಿ

3.3 ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ 14 ಆಂಪಿಯರಿಗೂ ತುಸು ಹೆಚ್ಚು. ಗೀಸರ್ ಕೂಡ ಇಷ್ಟೇ ಎಳೆಯುತ್ತದಲ್ಲ ಎಂಬ ಮಾತು ಬರಬಹುದು. ಗೀಸರ್ ಹತ್ತಿಪ್ಪತ್ತು ನಿಮಿಷದಲ್ಲಿ ಆರುತ್ತದೆ; ಕಾರು ಎಂಟು, ಹತ್ತು ತಾಸು ಬಿಡುವಿಲ್ಲದೆ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ ಬರೀ 0.1 ಓಮ್ ತಡೆ ಒಡ್ಡಿದರೂ, 14 ಆಂಪಿಯರಿನಲ್ಲಿ ಸಾಕೆಟ್ಟಿನೊಳಗೆ ಸುಮಾರು 20 ವ್ಯಾಟ್ ಬಿಸಿ ಹುಟ್ಟುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ರಾತ್ರಿಯಿಡೀ ಅಷ್ಟು ಬಿಸಿ ಉಳಿದರೆ ಸಾಕೆಟ್ ಕಂದಾಗುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಹತ್ತಿ ಉರಿಯುತ್ತದೆ.

ಆದ್ದರಿಂದ ಕಾರಿನ ಸಾಕೆಟ್ಟಿಗೆ ಮೇನ್ ಬೋರ್ಡಿನಿಂದ ಬೇರೆಯದೇ ವೈರು ಬರಬೇಕು, ನಡುವೆ ಎಲ್ಲಿಯೂ ಜಾಯಿಂಟ್ ಇರಬಾರದು, ಬೇರೆ ಯಾವ ಸಾಮಾನೂ ಅದಕ್ಕೆ ಸೇರಬಾರದು. 16 ಆಂಪಿಯರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಸಾಕೆನ್ನುವ ವೈರ್‌ಮನ್‌ಗಳಿದ್ದಾರೆ. ತಂಪು ಊರಿನಲ್ಲಿ ಆ ಮಾತು ನಡೆದೀತು. ಪಿವಿಸಿ ಹೊದಿಕೆಯ ವೈರು 70 ಡಿಗ್ರಿ ತನಕ ತಾಳುತ್ತದೆ. ಸುತ್ತಲಿನ ಹವೆ 30 ಡಿಗ್ರಿ ಇದ್ದಾಗ ಅದಕ್ಕೆ ಬಿಸಿಯೇರಲು 40 ಡಿಗ್ರಿ ಅವಕಾಶವಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಕುಡಿದ ಗೋಡೆ 45 ಡಿಗ್ರಿ ಇದ್ದರೆ ಉಳಿಯುವುದು 25 ಡಿಗ್ರಿ ಮಾತ್ರ. ಅಲ್ಲಿಗೆ ವೈರಿನ ಸಾಮರ್ಥ್ಯ ಪುಸ್ತಕದಲ್ಲಿರುವುದರ ಶೇಕಡಾ 79ಕ್ಕೆ ಇಳಿಯುತ್ತದೆ. ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಹಾದುಹೋಗುವ ಪೈಪಿನೊಳಗಿನ ವೈರಿಗೆ ಇನ್ನೂ ಕಡಿಮೆ. ನಮ್ಮ ಊರುಗಳಲ್ಲಿ 16 ಆಂಪಿಯರಿಗೆ 4 ಸ್ಕ್ವೇರ್ ಎಂಎಂ, 32 ಆಂಪಿಯರಿನ ಪೆಟ್ಟಿಗೆಗೆ ಕನಿಷ್ಠ 6, ದಾರಿ ಉದ್ದವಿದ್ದರೆ ಅಥವಾ ಬಿಸಿಲಿನಲ್ಲಿದ್ದರೆ 10 ಸ್ಕ್ವೇರ್ ಎಂಎಂ ತಾಮ್ರದ ವೈರನ್ನೇ ಕೇಳಿ. ಅಲ್ಯೂಮಿನಿಯಂ ವೈರಿರುವ ಹಳೆಯ ಮನೆಗಳಲ್ಲಿ ಅದರ ತುದಿಗೆ ತಾಮ್ರದ ವೈರು ಸುತ್ತಿ ಮುಂದೆ ಎಳೆಯುವುದನ್ನು ಒಪ್ಪಿಕೊಳ್ಳಬೇಡಿ.

ಸಾಕೆಟ್ ಅಂಗಳದಲ್ಲಿದ್ದರೆ ಮುಚ್ಚಳವಿರುವ, ನೀರು ಹೊಗದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಕಾರಿನ ಪ್ಲಗ್ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡ್ ಮತ್ತು 16 ಆಂಪಿಯರ್ ಪ್ಲಗ್ಗನ್ನು 6 ಆಂಪಿಯರ್ ಸಾಕೆಟ್ಟಿಗೆ ಇಳಿಸುವ ಅಡಾಪ್ಟರ್ ಕಾರಿಗೆ ಎಂದಿಗೂ ಬೇಡ. ಸ್ಕೂಟರಿನ ಚಾರ್ಜರ್ ಹೆಚ್ಚೆಂದರೆ ನಾಲ್ಕೈದು ಆಂಪಿಯರ್ ಎಳೆಯುವುದರಿಂದ ಅದಕ್ಕೆ ಒಳ್ಳೆಯ 6 ಆಂಪಿಯರ್ ಸಾಕೆಟ್ ಸಾಲುತ್ತದೆ, ಆದರೆ ಅರ್ಥ್ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ಹಚ್ಚಬಾರದು.

ಹಂತ 5: ಅರ್ಥಿಂಗ್ ಪರೀಕ್ಷೆ

ಈ ಬರಹದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಕಾರು, ಸ್ಕೂಟರುಗಳ ಮೈ ಲೋಹದ್ದು, ಟೈರು ರಬ್ಬರಿನದು. ಒಳಗೆ ಎಲ್ಲಿಯಾದರೂ ಫೇಸ್ ವೈರು ಮೈಗೆ ತಾಗಿದರೆ ಆ ಕರೆಂಟು ನೆಲಕ್ಕಿಳಿಯಲು ಅರ್ಥ್ ವೈರೊಂದೇ ದಾರಿ. ಆ ದಾರಿ ಕಡಿದಿದ್ದರೆ, ಒದ್ದೆಯಾದ ಪರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ನಮ್ಮ ನೆಲದ ಸ್ವಭಾವ ಇಲ್ಲಿ ಬಹಳ ಮುಖ್ಯ. ಆಳಂದ, ಅಫಜಲಪುರ, ಕಲಬುರಗಿ ಕಡೆಯ ಎರೆ ಮಣ್ಣು ತೇವವಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಬಿರುಕು ಬಿಟ್ಟು, ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಜುಲೈಯಲ್ಲಿ ಅಳೆದಾಗ ಸರಿಯಿದ್ದ ಅರ್ಥಿಂಗ್ ಏಪ್ರಿಲಿನಲ್ಲಿ ಕೈಕೊಡುವುದು ಇದರಿಂದಲೇ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸ್ವಲ್ಪ ಅಗೆದರೆ ಸುಣ್ಣದಕಲ್ಲಿನ ಹಾಸು ಸಿಗುತ್ತದೆ, ಯಾದಗಿರಿಯಲ್ಲಿ ಗ್ರಾನೈಟ್. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬೇಗ ಬಿಟ್ಟುಕೊಟ್ಟು ಒಣಗುತ್ತದೆ. ಇಂಥ ಕಡೆ ಒಂದಡಿ, ಎರಡಡಿ ಆಳದಲ್ಲಿ ರಾಡ್ ಹೂತು ಅರ್ಥಿಂಗ್ ಆಯಿತೆನ್ನುವುದು ಮೋಸ. ಸುಮಾರು 2.5 ಮೀಟರ್ ಉದ್ದದ ಜಿಐ ಪೈಪಿನ ಸುತ್ತ ಉಪ್ಪು ಮತ್ತು ಇದ್ದಿಲನ್ನು ಪದರಪದರವಾಗಿ ತುಂಬುವ ಹಳೆಯ ವಿಧಾನವಾಗಲಿ, ಬೆಂಟೊನೈಟ್‌ನಂಥ ತೇವ ಹಿಡಿಯುವ ಪುಡಿ ತುಂಬುವ ಕೆಮಿಕಲ್ ಅರ್ಥಿಂಗ್ ಆಗಲಿ ನಡೆಯುತ್ತದೆ. ಅಗೆಯಲು ಬಂಡೆ ಅಡ್ಡ ಬಂದರೆ ದೂರದಲ್ಲಿ ಇನ್ನೊಂದು ಗುಂಡಿ ಮಾಡಿ ಎರಡನ್ನೂ ಜೋಡಿಸಬೇಕಾಗುತ್ತದೆ. ಉಪ್ಪು, ಇದ್ದಿಲಿನ ಗುಂಡಿಗೆ ಮಾರ್ಚ್‌ನಿಂದ ಜೂನ್ ತನಕ ವಾರಕ್ಕೆರಡು ಸಲ ನೀರು ಹಾಕಿ. ಗುಂಡಿಯ ಬಾಯನ್ನು ಪರಸಿ ಹಾಸಿ ಮುಚ್ಚಿಬಿಟ್ಟಿದ್ದರೆ ಮೊದಲು ಅದನ್ನು ತೆರೆಸಿ.

ಪರೀಕ್ಷೆ ಹೀಗೆ ನಡೆಯಲಿ. ವೈರ್‌ಮನ್ ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ ಅಳೆಯಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು, ಮೂರು ವೋಲ್ಟಿನೊಳಗೆ ಇರಬೇಕು. ಆದರೆ ಮಲ್ಟಿಮೀಟರ್ ತೀರ ಕಡಿಮೆ ಕರೆಂಟನ್ನು ಎಳೆಯುವುದರಿಂದ ಕೆಟ್ಟ ಅರ್ಥಿಂಗ್ ಕೂಡ ಅದರಲ್ಲಿ ಒಳ್ಳೆಯದಾಗಿ ಕಾಣಬಹುದು. ನಿಜವಾದ ಉತ್ತರ ಸಿಗುವುದು ಎರಡು ಮೊಳೆ ನೆಟ್ಟು ಅಳೆಯುವ ಅರ್ಥ್ ಟೆಸ್ಟರಿನಲ್ಲಿ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಬಳಿ ಅದು ಇರುತ್ತದೆ. 5 ಓಮಿಗಿಂತ ಕಡಿಮೆ ಬಂದರೆ ಉತ್ತಮ. ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ.

ಕಾರಿನ ಕೇಬಲ್ಲಿನಲ್ಲಿರುವ ಪೆಟ್ಟಿಗೆ ಅರ್ಥಿಂಗ್ ಸರಿಯಿಲ್ಲವೆಂದು ಕೆಂಪು ದೀಪ ತೋರಿಸಿದಾಗ, ಕೆಲವರು ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಜೋಡಿಸಿ ದೀಪವನ್ನು ಹಸಿರು ಮಾಡಿಬಿಡುತ್ತಾರೆ. ಇದು ಕೊಲ್ಲುವ ಕೆಲಸ. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಗೆ ಕಡಿದ ಕ್ಷಣವೇ ಕಾರಿನ ಇಡೀ ಮೈಗೆ 230 ವೋಲ್ಟ್ ಏರುತ್ತದೆ, ಯಾವ ಫ್ಯೂಸೂ ಹಾರುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ಮಾಡಿದ್ದಾರೆಯೇ ಎಂದು ತಿಳಿಯಲು ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಹಚ್ಚಿ, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಅಳೆಸಿ. ಅಷ್ಟು ಲೋಡಿನಲ್ಲೂ ಕಟ್ಟುನಿಟ್ಟಾಗಿ ಸೊನ್ನೆಯೇ ಬಂದರೆ ಅನುಮಾನಪಟ್ಟು ಸಾಕೆಟ್ ಬಿಚ್ಚಿಸಿ ನೋಡಿ. ಕೆಂಪು ದೀಪಕ್ಕೆ ಪರಿಹಾರ ಅರ್ಥ್ ಗುಂಡಿಯಲ್ಲಿದೆ, ಬೇರೆಲ್ಲೂ ಇಲ್ಲ.

ಹಂತ 6: ಬೋರ್ಡಿನಲ್ಲಿ ಮೂರು ರಕ್ಷಣೆಗಳು

ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ, ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಒಂದರಿಂದ ಜೀವ ಉಳಿಯುವುದಿಲ್ಲ. ಅರ್ಥ್ ತಡೆ 20 ಓಮ್ ಇದೆಯೆನ್ನಿ. ಫೇಸ್ ಮೈಗೆ ತಾಗಿದಾಗ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡ್, ಅದು ಬೀಳುವುದೇ ಇಲ್ಲ. ನೆಲಕ್ಕೆ ಸೋರುವ ಕರೆಂಟನ್ನು ಗುರುತಿಸಿ ಲೈನ್ ಕಡಿಯುವ ಸ್ವಿಚ್ಚಾದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅದೇ ಸೋರಿಕೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ವಾಹನದ ಲೈನಿಗೆ ಇದು ಕಡ್ಡಾಯ ಎಂದೇ ತಿಳಿಯಿರಿ, ಮನೆಯ ಉಳಿದ ಲೈನುಗಳಿಂದ ಬೇರೆಯಾಗಿಯೇ ಹಾಕಿಸಿ.

ಆರ್‌ಸಿಸಿಬಿಯಲ್ಲಿ ಬಗೆಗಳಿವೆ. ಎಸಿ ಬಗೆಯದರ ಮೇಲೆ ಒಂದೇ ಅಲೆಯ ಗುರುತು ಇರುತ್ತದೆ. ವಾಹನದ ಚಾರ್ಜರಿನಿಂದ ಡಿಸಿ ಸೋರಿದರೆ ಅದು ಮಂಕಾಗಿ, ನಿಜವಾದ ಅಪಾಯ ಬಂದಾಗಲೂ ಬೀಳದೇ ಹೋಗಬಹುದು. ಎ ಬಗೆಯದರಲ್ಲಿ ಅಲೆಯ ಕೆಳಗೆ ಅರ್ಧ ಅಲೆಗಳ ಇನ್ನೊಂದು ಗುರುತು ಇರುತ್ತದೆ, ಕನಿಷ್ಠ ಇದನ್ನು ಕೇಳಿ ತನ್ನಿ. ಗೋಡೆಯ ಪೆಟ್ಟಿಗೆಯಲ್ಲಿ 6 ಮಿಲಿ ಆಂಪಿಯರ್ ಡಿಸಿ ಸೋರಿಕೆಯನ್ನು ಗುರುತಿಸುವ ಏರ್ಪಾಡಿದ್ದರೆ ಎ ಬಗೆ ಸಾಕು, ಇಲ್ಲದಿದ್ದರೆ ಬಿ ಬಗೆ ಬೇಕು, ಅದು ದುಬಾರಿ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಬೇಸಿಗೆಯಲ್ಲಿ 16 ಆಂಪಿಯರ್ ಎಂಸಿಬಿ ಪದೇ ಪದೇ ಬೀಳಬಹುದು, ಏಕೆಂದರೆ ಅದರ ಅಳತೆ 30 ಡಿಗ್ರಿ ಹವೆಗೆ ಹೊಂದಿಸಿದ್ದು. 4 ಸ್ಕ್ವೇರ್ ಎಂಎಂ ವೈರಿದ್ದರೆ 20 ಆಂಪಿಯರಿನದನ್ನು ಹಾಕಬಹುದು. ಬೀಳುತ್ತದೆಂದು 32 ಆಂಪಿಯರಿನದನ್ನು ಹಾಕಿ ಹಳೆಯ ವೈರು, ಹಳೆಯ ಸಾಕೆಟ್ಟನ್ನು ಹಾಗೇ ಬಿಟ್ಟರೆ ಎಂಸಿಬಿ ಉಳಿಯುತ್ತದೆ, ಸಾಕೆಟ್ ಸುಡುತ್ತದೆ. ಅದರ ಬದಲು ಕಾರಿನ ಪರದೆಯಲ್ಲಿ ಅಥವಾ ಕೇಬಲ್ಲಿನ ಗುಂಡಿಯಲ್ಲಿ ಕರೆಂಟನ್ನು 10 ಆಂಪಿಯರಿಗೆ ಇಳಿಸುವ ಸೌಲಭ್ಯವಿದ್ದರೆ ಅದನ್ನು ಬಳಸಿ.

ಮೂರನೆಯದು ಸರ್ಜ್ ರಕ್ಷಕ, ಅಂಗಡಿಗಳಲ್ಲಿ ಎಸ್‌ಪಿಡಿ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಲೈನಿನ ಮೂಲಕ ಬರುವ ಹೊಡೆತವನ್ನು ಇದು ನೆಲಕ್ಕೆ ಇಳಿಸುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಇದ್ದೂ ಉಪಯೋಗವಿಲ್ಲ. ಮೋಡ ಕಟ್ಟಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆದುಬಿಡುವುದು ಅದಕ್ಕಿಂತ ಉತ್ತಮ. ಮನೆಯ ಇನ್ವರ್ಟರಿನಿಂದ ವಾಹನ ಚಾರ್ಜ್ ಮಾಡುವುದು ಬೇಡ. ಕರೆಂಟ್ ಹೋದಾಗ ಇನ್ವರ್ಟರಿಗೆ ಹೋಗದ ಲೈನಿನಲ್ಲೇ ವಾಹನದ ಸಾಕೆಟ್ ಇರುವಂತೆ ವೈರ್‌ಮನ್‌ಗೆ ಹೇಳಿ.

ಹಂತ 7: ಜಾಗ ಮತ್ತು ಸಮಯ

ಲಿಥಿಯಂ ಸೆಲ್ಲುಗಳನ್ನು ಸುಮಾರು 45 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಮಧ್ಯಾಹ್ನ ಸೂಪರ್ ಮಾರ್ಕೆಟಿನಲ್ಲಿ ಬಿಸಿಲಿಗೆ ನಿಂತು ಬಂದ ಸ್ಕೂಟರಿನ ಬ್ಯಾಟರಿ ಆ ಮಿತಿಯ ಹತ್ತಿರವೇ ಇರುತ್ತದೆ. ನೆರಳಿನಲ್ಲಿ ಒಂದೆರಡು ತಾಸು ಬಿಡಿ, ಬೇಸಿಗೆಯಲ್ಲಿ ರಾತ್ರಿ ಹನ್ನೊಂದರ ನಂತರ ಅಥವಾ ನಸುಕಿನಲ್ಲಿ ಚಾರ್ಜ್ ಮಾಡುವ ರೂಢಿ ಇಟ್ಟುಕೊಳ್ಳಿ. ಸಮಯ ನಿಗದಿ ಮಾಡುವ ಸೌಲಭ್ಯ ಅನೇಕ ವಾಹನಗಳಲ್ಲಿದೆ. ಚಾರ್ಜರನ್ನು ಹಾಸಿಗೆ, ಸೋಫಾ, ಗೋಣಿಚೀಲದ ಮೇಲೆ ಇಡಬೇಡಿ. ಗಾಳಿಯಾಡುವ ಕಲ್ಲಿನ ಕಟ್ಟೆ ಒಳ್ಳೆಯದು.

ಸ್ಕೂಟರನ್ನು ಮೆಟ್ಟಿಲಿನ ಕೆಳಗೆ ಅಥವಾ ಒಂದೇ ಬಾಗಿಲಿರುವ ಪಡಸಾಲೆಯಲ್ಲಿ ಚಾರ್ಜ್‌ಗೆ ಹಚ್ಚಬೇಡಿ. ಸೆಕೆಗೆ ಮಾಳಿಗೆಯ ಮೇಲೆ ಮಲಗುವ ಮನೆಗಳು ನಮ್ಮಲ್ಲಿ ಬಹಳ. ಕೆಳಗೆ ಮೆಟ್ಟಿಲ ಬುಡದಲ್ಲಿ ಬೆಂಕಿ ಹತ್ತಿದರೆ ಮೇಲಿದ್ದವರಿಗೆ ಇಳಿಯುವ ದಾರಿಯೇ ಇರುವುದಿಲ್ಲ, ಹೊಗೆಯೂ ಅದೇ ಮೆಟ್ಟಿಲಿನಲ್ಲಿ ಮೇಲೇರುತ್ತದೆ. ತೆಗೆಯಬಹುದಾದ ಬ್ಯಾಟರಿಯನ್ನು ಮಲಗುವ ಕೋಣೆಗೆ ತಂದು ಚಾರ್ಜ್ ಮಾಡುವುದೂ ಬೇಡ.

ಹಂತ 8: ಜೆಸ್ಕಾಂ ಲೋಡ್ ಮತ್ತು ಬಿಲ್

ಮನೆಯ ಈಗಿನ ಸಂಪರ್ಕದಿಂದಲೇ ಸ್ವಂತ ವಾಹನ ಚಾರ್ಜ್ ಮಾಡಲು ಕೇಂದ್ರದ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಆದರೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇರುವ ಮನೆಯಲ್ಲಿ 3.3 ಕಿಲೋವ್ಯಾಟಿನ ಕಾರು ಹಚ್ಚುವುದು ಸರಿಯಲ್ಲ. ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಲೋಡ್ ಏರಿಸಿಕೊಳ್ಳಿ. ಕಂಬದಿಂದ ಬರುವ ಸರ್ವಿಸ್ ವೈರ್ ಹಳೆಯದಿದ್ದರೆ ಅದನ್ನೂ ಆಗಲೇ ತೋರಿಸಿ.

ಗೃಹಜ್ಯೋತಿ ಯೋಜನೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಪಡೆದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರನ್ನು ದಿನವೂ ಅರ್ಧದಷ್ಟು ತುಂಬಿಸಿದರೆ, ಚಾರ್ಜರಿನಲ್ಲಿ ಕಳೆದುಹೋಗುವುದೂ ಸೇರಿ ತಿಂಗಳಿಗೆ ಸುಮಾರು 50 ಯೂನಿಟ್ ಆಗುತ್ತದೆ; ತಿಂಗಳಿಗೆ 1000 ಕಿಲೋಮೀಟರ್ ಓಡುವ ಸಣ್ಣ ಕಾರು ಇದರ ಎರಡೂವರೆ, ಮೂರು ಪಟ್ಟು ಬೇಡುತ್ತದೆ. ಕೂಲರ್ ಓಡುವ ತಿಂಗಳುಗಳಲ್ಲಿ ಮಿತಿ ದಾಟುವುದು ಸುಲಭ. ವಾಹನ ಚಾರ್ಜಿಂಗಿಗೆ ಬೇರೆ ದರದ ಪ್ರತ್ಯೇಕ ಮೀಟರ್ ಸಿಗುವುದೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿ.

ಹಂತ 9: ಹೊರಗಿನ ಚಾರ್ಜಿಂಗ್ ಕಂಬದಲ್ಲಿ

ಡಿಸಿ ಕಂಬದಲ್ಲಿ ಕಾರಿನೊಳಗಿನ ಚಾರ್ಜರ್ ಪಕ್ಕಕ್ಕೆ ಸರಿದು, ಕಂಬವೇ ನೇರವಾಗಿ ಬ್ಯಾಟರಿ ತುಂಬುತ್ತದೆ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಕಾರೇ ಕೇಳುತ್ತದೆ. ಕಂಬ 60 ಕಿಲೋವ್ಯಾಟಿನದಾದರೂ ಕಾರಿನ ಮಿತಿ 30 ಆಗಿದ್ದರೆ 30ಷ್ಟೇ ಸಿಗುತ್ತದೆ, ಶೇಕಡಾ 80ರ ನಂತರ ಇನ್ನೂ ನಿಧಾನವಾಗುತ್ತದೆ. ಗನ್ ಹಚ್ಚುವ ಮೊದಲು ಪಿನ್ನುಗಳಲ್ಲಿ ಮಣ್ಣು, ನೀರು, ಸುಟ್ಟ ಕಲೆ ಇದೆಯೇ ನೋಡಿ. ಕೇಬಲ್ ಹೊದಿಕೆ ಹರಿದಿದ್ದರೆ ಬೇರೆ ಕಂಬ ಹುಡುಕಿ. ತುರ್ತು ನಿಲುಗಡೆಯ ಕೆಂಪು ಗುಂಡಿ ಎಲ್ಲಿದೆಯೆಂದು ಮೊದಲೇ ಕಂಡುಕೊಳ್ಳಿ. ಮುಗಿದ ಮೇಲೆ ಆ್ಯಪಿನಲ್ಲಿ ನಿಲ್ಲಿಸಿ, ಕಾರಿನ ಲಾಕ್ ತೆರೆದು, ಆಮೇಲೆ ಗನ್ ತೆಗೆಯಿರಿ. ಬಾರದಿದ್ದರೆ ಜಗ್ಗಬೇಡಿ, ಕಂಬದ ಮೇಲಿನ ನಂಬರಿಗೆ ಫೋನ್ ಮಾಡಿ. ಹುಮನಾಬಾದ್ ಮೂಲಕ ಬೀದರಿಗೋ ಹೈದರಾಬಾದಿಗೋ ಹೊರಡುವಾಗ ಒಂದೇ ಕಂಬವನ್ನು ನಂಬದೆ, ಅದು ಕೆಟ್ಟಿದ್ದರೆ ಮುಂದಿನದಕ್ಕೆ ತಲುಪುವಷ್ಟು ಚಾರ್ಜ್ ಉಳಿಸಿಕೊಳ್ಳಿ.

ಹಂತ 10: ಎಚ್ಚರಿಕೆಯ ಗುರುತುಗಳು ಮತ್ತು ಬೆಂಕಿ

ಹೊಸ ಲೈನಿನಲ್ಲಿ ಮೊದಲ ಸಲ ಚಾರ್ಜ್ ಹಚ್ಚಿದಾಗ ಅರ್ಧ ತಾಸಿಗೊಮ್ಮೆ ಪ್ಲಗ್ಗಿನ ಬಳಿ ಹಿಂಗೈ ತಂದು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಸ್ವಿಚ್ ಆರಿಸಿ ವೈರ್‌ಮನ್‌ನನ್ನು ಕರೆಯಿರಿ. ಪ್ಲಾಸ್ಟಿಕ್ ಸುಟ್ಟ ವಾಸನೆ, ಸಾಕೆಟ್ಟಿನ ಸುತ್ತ ಕಂದು ಬಣ್ಣ, ವಾಹನದ ಮೈ ಮುಟ್ಟಿದಾಗ ಜುಮ್ಮೆನ್ನುವುದು, ಪ್ಯಾಕ್ ಉಬ್ಬುವುದು, ಸಿಹಿಯಾದ ಅಥವಾ ಸ್ಪಿರಿಟ್ಟಿನಂಥ ವಾಸನೆ ಇವುಗಳಲ್ಲಿ ಯಾವುದು ಕಂಡರೂ ಚಾರ್ಜಿಂಗ್ ಅಲ್ಲಿಗೇ ನಿಲ್ಲಬೇಕು. ಮಳೆನೀರಿನಲ್ಲಿ ಮುಳುಗಿದ ಅಥವಾ ಬಿದ್ದು ಪೆಟ್ಟಾದ ಬ್ಯಾಟರಿಯನ್ನು ಸರ್ವಿಸ್ ಸೆಂಟರ್ ನೋಡುವ ತನಕ ಚಾರ್ಜ್ ಮಾಡಲೇಬಾರದು.

ಬ್ಯಾಟರಿಯಿಂದ ಹೊಗೆ ಬಂದರೆ ಮೊದಲು ಜನರನ್ನು ಹೊರಗೆ ಕಳಿಸಿ, ಆ ಹೊಗೆ ವಿಷಕಾರಿ. ಮೇನ್ ಸ್ವಿಚ್ ಬೆಂಕಿಯಿಂದ ದೂರವಿದ್ದರೆ ಮಾತ್ರ ಆರಿಸಿ, ವಾಹನವನ್ನು ಹೊರಗೆ ತಳ್ಳುವ ಸಾಹಸ ಬೇಡ. 101 ಅಥವಾ 112ಕ್ಕೆ ಫೋನ್ ಮಾಡುವಾಗ ಹತ್ತಿರುವುದು ಲಿಥಿಯಂ ಬ್ಯಾಟರಿ ಎಂದು ಸ್ಪಷ್ಟವಾಗಿ ಹೇಳಿ, ಏಕೆಂದರೆ ಅದನ್ನು ತಣಿಸಲು ತುಂಬ ನೀರು ಬೇಕಾಗುತ್ತದೆ. ಸಣ್ಣ ಸಿಲಿಂಡರಿನಿಂದ ಜ್ವಾಲೆ ಆರಿದಂತೆ ಕಂಡರೂ ಒಳಗಿನ ಬಿಸಿ ಉಳಿದಿರುತ್ತದೆ, ತಾಸುಗಳ ನಂತರ, ಕೆಲವೊಮ್ಮೆ ಮರುದಿನವೂ ಮತ್ತೆ ಹೊತ್ತಿಕೊಳ್ಳಬಹುದು. ಆದ್ದರಿಂದ ಸುಟ್ಟ ವಾಹನವನ್ನು ಮನೆಯಿಂದ, ಬಣವೆಯಿಂದ, ಬೇರೆ ವಾಹನಗಳಿಂದ ಕನಿಷ್ಠ 15 ಮೀಟರ್ ದೂರದ ಬಯಲಿನಲ್ಲಿ ಇರಿಸುವಂತೆ ಅಗ್ನಿಶಾಮಕ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಬೋರ್ಡಿಗೆ, ಮೀಟರಿಗೆ ಬಿಸಿ ತಟ್ಟಿದ್ದರೆ 1912ಕ್ಕೆ ತಿಳಿಸಿ, ಜೆಸ್ಕಾಂ ಸಿಬ್ಬಂದಿ ಬಂದು ಪರೀಕ್ಷಿಸುವ ತನಕ ಮೇನ್ ಸ್ವಿಚ್ ಹಾಕಬೇಡಿ.